ಮುಂಬಯಿಯಿಂದ ಹೋಗಿ ಇಂಗ್ಲೆಂಡಿನ ಒಂದು ಹಳ್ಳಿಯ ಚರಿತ್ರೆ ಬರೆಯುವ ಕ್ರಮ

ಮುಂಬಯಿ, ಠಾಣೆ, ಪುಣೆಗಳ ಕನ್ನಡಿಗರ ಮನೆಗಳಲ್ಲಿ ಮಗನೋ ಮಗಳೋ ಇಂಗ್ಲೆಂಡಿನಲ್ಲಿ ಸಂಸಾರ ಹೂಡಿರುವುದು ಈಗ ಹೊಸ ಸಂಗತಿಯಲ್ಲ. ಲಂಡನ್ನಿನಲ್ಲಿ ಮನೆ ಕೊಳ್ಳುವುದು ದುಬಾರಿಯೆಂದು ಅವರಲ್ಲಿ ಕೆಲವರು ದೂರದ ಕೌಂಟಿಗಳ, ಎಂದರೆ ನಮ್ಮ ಜಿಲ್ಲೆಗಳಂಥ ವಿಭಾಗಗಳ, ಸಣ್ಣ ಹಳ್ಳಿಗಳಲ್ಲಿ ನೆಲೆ ನಿಂತಿದ್ದಾರೆ. ಮೊಮ್ಮಗುವನ್ನು ನೋಡಿಕೊಳ್ಳಲೆಂದೋ, ಮೇ ತಿಂಗಳ ಸೆಕೆಯನ್ನು ತಪ್ಪಿಸಿಕೊಳ್ಳಲೆಂದೋ ಹೋಗುವ ಹಿರಿಯರು ಅಲ್ಲಿ ಮೂರು ನಾಲ್ಕು ತಿಂಗಳು ಇದ್ದು ಬರುತ್ತಾರೆ. ಅಂಥ ಊರಿನಲ್ಲಿ ಒಂದು ಹಳೆಯ ಚರ್ಚು, ಒಂದು ಪಬ್ಬು, ಹುಲ್ಲು ಬೆಳೆದ ಒಂದು ಬಯಲು, ಯುದ್ಧದಲ್ಲಿ ಮಡಿದವರ ಹೆಸರು ಕೆತ್ತಿದ ಒಂದು ಕಲ್ಲು, ಇಷ್ಟೇ ಕಣ್ಣಿಗೆ ಬೀಳುವುದರಿಂದ, ಎರಡು ವಾರ ಕಳೆಯುವಷ್ಟರಲ್ಲಿ ನೋಡುವುದೆಲ್ಲ ಮುಗಿಯಿತೆಂದು ತೋರುತ್ತದೆ. ಆದರೆ ಕೆಲವೇ ನೂರು ಜನರ ಆ ಊರಿನ ಬಗ್ಗೆ ಅನೇಕ ಕಡೆ ಒಂಬತ್ತು ನೂರು ವರ್ಷಗಳಿಗೂ ಮೀರಿದ ಲಿಖಿತ ದಾಖಲೆ ಉಳಿದಿದೆ. ಅದರಲ್ಲಿ ಸಾಕಷ್ಟನ್ನು ಹಣ ಕೊಡದೆಯೇ ಓದಬಹುದು. ಬಿಡುವೂ ಕುತೂಹಲವೂ ಇರುವ ಇಂಥ ಹಿರಿಯರು ಆ ಊರಿನ ಚರಿತ್ರೆಯನ್ನು ಕನ್ನಡದಲ್ಲಿ ಬರೆದಿಡಲು ಯಾವ ಕ್ರಮವನ್ನು ಅನುಸರಿಸಬಹುದೆಂದು ಇಲ್ಲಿ ವಿವರಿಸಿದ್ದೇನೆ.

ಕೆಲಸ ಆರಂಭಿಸುವ ಮೊದಲು ಒಂದು ವಿಷಯವನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇರಿಸಿಕೊಳ್ಳಬೇಕು. ಹಳ್ಳಿಯ ಬಗ್ಗೆ ನಮಗೆ ಸಿಗುವ ಹಳೆಯ ದಾಖಲೆಗಳಲ್ಲಿ ಚರಿತ್ರೆ ಬರೆಯುವ ಉದ್ದೇಶದಿಂದ ಹುಟ್ಟಿದವು ಬಹಳ ಕಡಿಮೆ. ರಾಜನಿಗೆ ಕಂದಾಯ ಬೇಕಾಗಿತ್ತು, ಪಾದ್ರಿಗೆ ಬೆಳೆಯ ಹತ್ತರಲ್ಲೊಂದು ಪಾಲಾದ ದಶಮಾಂಶ ಬೇಕಾಗಿತ್ತು, ಬಡವರನ್ನು ಸಾಕುವ ಖರ್ಚನ್ನು ಯಾವ ಊರಿನ ತಲೆಗೆ ಕಟ್ಟಬೇಕೆಂದು ನ್ಯಾಯಾಧೀಶನಿಗೆ ತಿಳಿಯಬೇಕಾಗಿತ್ತು. ಆದ್ದರಿಂದ ಲೆಕ್ಕ ಬರೆಯಲಾಯಿತು. ಯಾವ ದಾಖಲೆಯನ್ನು ಕೈಗೆತ್ತಿಕೊಂಡರೂ ಇದನ್ನು ಬರೆಸಿದವರು ಯಾರು, ಯಾರಿಂದ ಏನನ್ನು ವಸೂಲು ಮಾಡಲು ಬರೆಸಿದರು, ಹಾಗಾಗಿ ಯಾರ ಹೆಸರು ಇದರಲ್ಲಿ ಸೇರಲೇ ಇಲ್ಲ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಅಭ್ಯಾಸವಿಲ್ಲದೆ ಬರೆದ ಊರ ಚರಿತ್ರೆಗಳು ಜಮೀನ್ದಾರರ ವಂಶಾವಳಿಯಾಗಿ ಮುಗಿದುಹೋಗುತ್ತವೆ. ಹೊಲ ಉತ್ತವರು, ಕಾಳು ಬೀಸಿದವರು, ಮಗ್ಗ ನೇಯ್ದವರು ಕಾಣಿಸಿಕೊಳ್ಳುವುದಾದರೆ ಈ ಪ್ರಶ್ನೆಗಳ ಮೂಲಕವೇ ಕಾಣಿಸಿಕೊಳ್ಳಬೇಕು.

ಹೊರಡುವ ಮುನ್ನ, ಇಲ್ಲಿಂದಲೇ

ಮೊದಲ ಕೆಲಸ ಎಲ್ಲೆಯನ್ನು ಗೊತ್ತುಮಾಡಿಕೊಳ್ಳುವುದು. ಇಂಗ್ಲೆಂಡಿನಲ್ಲಿ ಹಳ್ಳಿಯೆಂದರೆ ಮನೆಗಳ ಗುಂಪು ಮಾತ್ರ. ದಾಖಲೆಗಳು ಮಾತ್ರ ಪ್ಯಾರಿಷ್ ಎಂಬ ಘಟಕದ ಹೆಸರಿನಲ್ಲಿ ಸಿಗುತ್ತವೆ. ಒಂದು ಚರ್ಚಿನ ವ್ಯಾಪ್ತಿಯಾದ ಪ್ಯಾರಿಷ್‌ನಲ್ಲಿ ಮೂರು ನಾಲ್ಕು ಊರುಗಳಿರಬಹುದು, ಒಂದೇ ಊರು ಎರಡು ಪ್ಯಾರಿಷ್‌ಗಳಿಗೆ ಹಂಚಿಹೋಗಿರಲೂಬಹುದು. ಆಡಳಿತದ ಸಿವಿಲ್ ಪ್ಯಾರಿಷ್ ಬೇರೆ, ಚರ್ಚಿನ ಪ್ಯಾರಿಷ್ ಬೇರೆ, ಜಮೀನ್ದಾರನ ಹಕ್ಕಿನ ಮೇನರ್ ಇನ್ನೂ ಬೇರೆ. ಈ ಮೂರರ ಗಡಿಗಳು ಒಂದರ ಮೇಲೊಂದು ಸರಿಯಾಗಿ ಕೂರುವುದು ಅಪರೂಪ. ಇದರ ಜೊತೆಗೆ 1974ರಲ್ಲಿ ಅನೇಕ ಕೌಂಟಿಗಳ ಗಡಿ ಬದಲಾದುದರಿಂದ, ಇಂದು ಒಂದು ಕೌಂಟಿಯಲ್ಲಿರುವ ಊರಿನ ಹಳೆಯ ಕಾಗದಗಳು ಪಕ್ಕದ ಕೌಂಟಿಯ ದಾಖಲೆ ಕಚೇರಿಯಲ್ಲಿ ಸಿಗುವ ಸಾಧ್ಯತೆಯಿದೆ. ಮಕ್ಕಳು ಕೊಟ್ಟ ಅಂಚೆ ವಿಳಾಸವನ್ನು ಮಾತ್ರ ನಂಬಿ ಹುಡುಕಾಟಕ್ಕೆ ಇಳಿದರೆ ತಪ್ಪು ಊರಿನ ಚರಿತ್ರೆ ಬರೆದುಬಿಡುವ ಅಪಾಯವಿದೆ, ಏಕೆಂದರೆ ಒಂದೇ ಹೆಸರಿನ ಹಳ್ಳಿಗಳು ಅಲ್ಲಿ ಹಲವಿವೆ.

ಎರಡನೆಯ ಕೆಲಸ ನಕ್ಷೆ. ಆರ್ಡ್ನೆನ್ಸ್ ಸರ್ವೆ ಇಲಾಖೆಯವರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಒಂದು ಮೈಲಿಗೆ ಇಪ್ಪತ್ತೈದು ಅಂಗುಲದ ಪ್ರಮಾಣದಲ್ಲಿ ಕೃಷಿಭೂಮಿಯ ಪ್ರದೇಶಗಳನ್ನೆಲ್ಲ ಅಳೆದರು. ಆ ನಕ್ಷೆಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಹಳೆಯ ನಕ್ಷೆಯನ್ನೂ ಇಂದಿನ ಉಪಗ್ರಹ ಚಿತ್ರವನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡುವ ಸೌಲಭ್ಯವೂ ಅಲ್ಲಿದೆ. ಆ ನಕ್ಷೆಯಲ್ಲಿ ಬಾವಿ, ಪಂಪು, ಕಮ್ಮಾರಸಾಲೆ, ಗಿರಣಿ, ಸುಣ್ಣದ ಗೂಡು, ಬೀಡಾಡಿ ದನಗಳನ್ನು ಕೂಡಿಹಾಕುವ ದೊಡ್ಡಿ, ಕಾಲುದಾರಿ, ಮೈಲಿಗಲ್ಲುಗಳೆಲ್ಲ ಗುರುತಾಗಿರುತ್ತವೆ. ಡೊಂಬಿವಿಲಿಯ ಮನೆಯಲ್ಲಿ ಕುಳಿತೇ ಇವುಗಳ ಪಟ್ಟಿ ಮಾಡಿ, ಯಾವುದು ಉಳಿದಿದೆ, ಯಾವುದು ಅಳಿದಿದೆ ಎಂದು ಅಲ್ಲಿ ಹೋಗಿ ನೋಡಬೇಕಾದ ಸ್ಥಳಗಳನ್ನು ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆಯೇ. ನಕ್ಷೆಯ ಒಂದು ಪ್ರತಿಯನ್ನು ದೊಡ್ಡದಾಗಿ ಮುದ್ರಿಸಿ ಕೈಯಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಹಳ್ಳಿಯ ಇಳಿಜಾರುಗಳಲ್ಲಿ ಮೊಬೈಲ್ ಸಿಗ್ನಲ್ ಎಲ್ಲೆಡೆ ಸಿಗುತ್ತದೆಂದು ನಂಬುವಂತಿಲ್ಲ.

ಮೂರನೆಯದಾಗಿ, ಈಗಾಗಲೇ ಆಗಿರುವ ಕೆಲಸವನ್ನು ಓದಬೇಕು. ಇಂಗ್ಲೆಂಡಿನ ಪ್ರತಿಯೊಂದು ಕೌಂಟಿಯ ಚರಿತ್ರೆಯನ್ನು ಪ್ಯಾರಿಷ್ ಪ್ಯಾರಿಷ್ ಆಗಿ ಬರೆಯುವ ವಿಕ್ಟೋರಿಯಾ ಕೌಂಟಿ ಹಿಸ್ಟರಿ ಎಂಬ ಯೋಜನೆ 1899ರಲ್ಲಿ ಆರಂಭವಾಗಿ ಇಂದಿಗೂ ಮುಂದುವರಿದಿದೆ. ಅದರ ಅನೇಕ ಸಂಪುಟಗಳು ಬ್ರಿಟಿಷ್ ಹಿಸ್ಟರಿ ಆನ್‌ಲೈನ್ ಜಾಲತಾಣದಲ್ಲಿವೆ. ನಿಮ್ಮ ಊರು ಅದರಲ್ಲಿ ಸೇರಿದ್ದರೆ ಅದು ನಿಮ್ಮ ಅದೃಷ್ಟ. ಸೇರದಿದ್ದರೆ ಪಕ್ಕದ ಊರಿನ ಭಾಗವನ್ನಾದರೂ ಓದಿ, ಬರಹದ ವಿನ್ಯಾಸ ಹೇಗಿರುತ್ತದೆಂದು ತಿಳಿದುಕೊಳ್ಳಿ.

ಅತ್ಯಂತ ಹಳೆಯ ಲೆಕ್ಕ

ನಾರ್ಮಂಡಿಯಿಂದ ಬಂದು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂ, 1085ರ ಕ್ರಿಸ್‌ಮಸ್ ಹೊತ್ತಿಗೆ ಗ್ಲಾಸ್ಟರ್‌ನಲ್ಲಿ ಸಭೆ ನಡೆಸಿ, ದೇಶದ ಭೂಮಿಯೆಲ್ಲ ಯಾರ ಕೈಯಲ್ಲಿದೆ, ಅದರ ಬೆಲೆಯೆಷ್ಟು ಎಂದು ಲೆಕ್ಕ ತೆಗೆಸಲು ನಿರ್ಧರಿಸಿದ. ಮರುವರ್ಷ ನಡೆದ ಆ ಸಮೀಕ್ಷೆಯ ಫಲವೇ ಡೂಮ್ಸ್‌ಡೇ ಪುಸ್ತಕ. ಹದಿಮೂರು ಸಾವಿರಕ್ಕೂ ಹೆಚ್ಚು ಸ್ಥಳಗಳ ಹೆಸರು ಅದರಲ್ಲಿದೆ. ಓಪನ್ ಡೂಮ್ಸ್‌ಡೇ ಎಂಬ ಉಚಿತ ಜಾಲತಾಣದಲ್ಲಿ ಊರಿನ ಹೆಸರು ಕೊಟ್ಟರೆ, 1066ರಲ್ಲಿ ಒಡೆಯನಾಗಿದ್ದವನು ಯಾರು, 1086ರಲ್ಲಿ ಯಾರು, ನೇಗಿಲುಗಳೆಷ್ಟು, ಗಿರಣಿಗಳೆಷ್ಟು, ಹುಲ್ಲುಗಾವಲು ಎಷ್ಟು ಎಂಬ ವಿವರ ಸಿಗುತ್ತದೆ. ಬಹುತೇಕ ಊರುಗಳಲ್ಲಿ 1066ರ ಹೆಸರು ಆಂಗ್ಲೋ ಸ್ಯಾಕ್ಸನ್ ಅಥವಾ ಡೇನಿಶ್ ಮೂಲದ್ದಾಗಿದ್ದು, 1086ರ ಹೆಸರು ನಾರ್ಮನ್ ಆಗಿರುತ್ತದೆ. ಇಪ್ಪತ್ತು ವರ್ಷಗಳಲ್ಲಿ ಒಂದು ನಾಡಿನ ಒಡೆತನ ಕೈಬದಲಾದುದು ಒಂದೇ ಊರಿನ ಎರಡು ಸಾಲುಗಳಲ್ಲಿ ಹೀಗೆ ಸ್ಪಷ್ಟವಾಗಿ ಕಾಣುವುದು ಬೇರೆ ಯಾವ ದೇಶದಲ್ಲಿಯೂ ಸುಲಭವಲ್ಲ.

ಇಲ್ಲಿ ಎಚ್ಚರ ಬೇಕು. ಅದರಲ್ಲಿ ಎಣಿಸಿರುವುದು ಮನೆಯ ಯಜಮಾನರನ್ನು ಮಾತ್ರ, ಎಲ್ಲ ಜನರನ್ನಲ್ಲ. ಹೆಂಗಸರೂ ಮಕ್ಕಳೂ ಲೆಕ್ಕದಲ್ಲಿಲ್ಲದ ಕಾರಣ ಚರಿತ್ರಕಾರರು ಆ ಸಂಖ್ಯೆಯನ್ನು ನಾಲ್ಕು ಅಥವಾ ಐದರಿಂದ ಗುಣಿಸಿ ಜನಸಂಖ್ಯೆಯನ್ನು ಅಂದಾಜು ಮಾಡುತ್ತಾರೆ. ಚರ್ಚಿನ ಉಲ್ಲೇಖವಿಲ್ಲವೆಂದರೆ ಚರ್ಚು ಇರಲಿಲ್ಲವೆಂದು ತೀರ್ಮಾನಿಸಬಾರದು, ಏಕೆಂದರೆ ಚರ್ಚುಗಳನ್ನು ಎಲ್ಲೆಡೆ ಒಂದೇ ಕ್ರಮದಲ್ಲಿ ಬರೆದುಕೊಂಡಿಲ್ಲ. ಉತ್ತರದ ನಾರ್ಥಂಬರ್‌ಲ್ಯಾಂಡ್ ಮತ್ತು ಡರಮ್ ಪ್ರದೇಶಗಳು ಸಮೀಕ್ಷೆಯಿಂದಲೇ ಹೊರಗುಳಿದವು. ಮೊಮ್ಮಕ್ಕಳಿರುವ ಊರು ಅಲ್ಲಿದ್ದರೆ ಡೂಮ್ಸ್‌ಡೇಯನ್ನು ಬಿಟ್ಟು ಮುಂದಕ್ಕೆ ಹೋಗಬೇಕು.

ಹೆಸರುಗಳ ಪುಸ್ತಕಗಳು

ಸಾಮಾನ್ಯ ಜನರು ಹೆಸರು ಹಿಡಿದು ಕಾಣಿಸಿಕೊಳ್ಳುವುದು ಪ್ಯಾರಿಷ್ ರಿಜಿಸ್ಟರುಗಳಲ್ಲಿ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಆಜ್ಞೆ ಹೊರಡಿಸಿ, ಪ್ರತಿ ಚರ್ಚಿನಲ್ಲಿ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು ವಿಧಿಸಿದ. 1598ರಲ್ಲಿ ಹಳೆಯ ಕಾಗದದ ಪುಸ್ತಕಗಳನ್ನು ಚರ್ಮದ ಹಾಳೆಗಳಿಗೆ ನಕಲು ಮಾಡಿಸಲಾಯಿತು. ವಿಶೇಷವಾಗಿ ಮೊದಲನೆಯ ಎಲಿಜಬೆತ್ ಪಟ್ಟಕ್ಕೆ ಬಂದ 1558ರಿಂದ ಮುಂದಿನದನ್ನು ನಕಲು ಮಾಡಬೇಕೆಂದಿದ್ದುದರಿಂದ ಅನೇಕ ಊರುಗಳ ರಿಜಿಸ್ಟರು ಆ ವರ್ಷದಿಂದಲೇ ಆರಂಭವಾಗುತ್ತದೆ. ಅಂದಿನಿಂದಲೇ ಪ್ರತಿವರ್ಷ ಒಂದು ಪ್ರತಿಯನ್ನು ಬಿಷಪ್ಪರಿಗೆ ಕಳುಹಿಸುವ ಪದ್ಧತಿಯೂ ಬಂತು. ಊರಿನ ಮೂಲ ಪುಸ್ತಕವನ್ನು ಇಲಿ ಕಡಿದಿದ್ದರೂ, ತೇವ ತಿಂದಿದ್ದರೂ, ಬಿಷಪ್ಪರ ಪ್ರತಿ ಉಳಿದಿರಬಹುದೆಂಬುದನ್ನು ಮರೆಯಬಾರದು. 1640ರ ದಶಕದಿಂದ 1660ರ ವರೆಗಿನ ಅಂತರ್ಯುದ್ಧ ಮತ್ತು ಗಣರಾಜ್ಯದ ಕಾಲದಲ್ಲಿ ಮಾತ್ರ ಎರಡೂ ಕಡೆ ಖಾಲಿ ಬಿದ್ದಿರುವುದು ಸಾಮಾನ್ಯ.

ತಾರೀಖಿನ ವಿಷಯದಲ್ಲಿ ಹೊಸಬರು ಎಡವುವುದು ಹೆಚ್ಚು. ಇಂಗ್ಲೆಂಡಿನಲ್ಲಿ 1751ರ ವರೆಗೆ ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ರಂದು. ಆದ್ದರಿಂದ ರಿಜಿಸ್ಟರಿನಲ್ಲಿ 1700ರ ಫೆಬ್ರವರಿ 10 ಎಂದಿದ್ದರೆ ಅದು ನಮ್ಮ ಲೆಕ್ಕದಲ್ಲಿ 1701ರ ಫೆಬ್ರವರಿ. 1752ರಲ್ಲಿ ವರ್ಷಾರಂಭವನ್ನು ಜನವರಿ 1ಕ್ಕೆ ತಂದರು. ಅದೇ ವರ್ಷ ಸೆಪ್ಟೆಂಬರ್ 2ರ ಮರುದಿನವನ್ನು ಸೆಪ್ಟೆಂಬರ್ 14 ಎಂದು ಎಣಿಸಿ ಹನ್ನೊಂದು ದಿನಗಳನ್ನು ಬಿಟ್ಟರು. ಜನವರಿಯಿಂದ ಮಾರ್ಚ್ 24ರ ವರೆಗಿನ ಹಳೆಯ ತಾರೀಖುಗಳಿಗೆ ಎರಡೂ ವರ್ಷಗಳನ್ನು 1700/01 ಎಂಬಂತೆ ಬರೆಯುವುದು ರೂಢಿ. ಮದುವೆಗೆ ಮೊದಲೇ ಮಗು ಹುಟ್ಟಿತೆಂದೋ, ಸತ್ತವನು ಮತ್ತೆ ಸಾಕ್ಷಿ ಹಾಕಿದನೆಂದೋ ತೋರುವ ಅನೇಕ ಗೊಂದಲಗಳು ಇಷ್ಟರಿಂದಲೇ ಬಗೆಹರಿಯುತ್ತವೆ.

1754ರಿಂದ ಮದುವೆಯ ದಾಖಲೆಗೆ ವಧೂವರರೂ ಸಾಕ್ಷಿಗಳೂ ಸಹಿ ಹಾಕಬೇಕೆಂಬ ಕಾಯಿದೆ ಜಾರಿಗೆ ಬಂತು. ಅಕ್ಷರ ಬಾರದವರು ಗುಣಾಕಾರದ ಚಿಹ್ನೆ ಹಾಕುತ್ತಿದ್ದರು. ಒಂದು ಊರಿನ ಮದುವೆಗಳಲ್ಲಿ ಹತ್ತು ಹತ್ತು ವರ್ಷಗಳ ಸಹಿಗಳನ್ನೂ ಚಿಹ್ನೆಗಳನ್ನೂ ಎಣಿಸಿ, ಗಂಡು ಹೆಣ್ಣುಗಳನ್ನು ಬೇರೆಯಾಗಿ ಬರೆದುಕೊಂಡರೆ, ಆ ಊರಿನಲ್ಲಿ ಓದುಬರಹ ಹರಡಿದ ಕಥೆ ತಾನಾಗಿಯೇ ಹೊರಬರುತ್ತದೆ. 1813ರಿಂದ ಬಂದ ಮುದ್ರಿತ ಪುಸ್ತಕಗಳಲ್ಲಿ ದೀಕ್ಷಾಸ್ನಾನದ ಸಾಲಿನಲ್ಲಿ ತಂದೆಯ ಕಸುಬು, ಶವಸಂಸ್ಕಾರದ ಸಾಲಿನಲ್ಲಿ ವಯಸ್ಸು ಇರುತ್ತವೆ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಕೆಲಸ ಈ ಎಣಿಕೆ. ಯಾವ ವರ್ಷ ಶವಸಂಸ್ಕಾರಗಳು ಎರಡು ಪಟ್ಟಾದವು, ಯಾವ ದಶಕದಲ್ಲಿ ಶಿಶುಗಳ ಸಾವು ಇಳಿಯಿತು ಎಂದು ಕಂಡುಕೊಳ್ಳಲು ಪಾಂಡಿತ್ಯ ಬೇಡ, ತಾಳ್ಮೆ ಸಾಕು. ಬ್ಯಾಂಕಿನಲ್ಲಿಯೋ ರೈಲ್ವೆಯಲ್ಲಿಯೋ ಲೆಡ್ಜರು ಬರೆದು ನಿವೃತ್ತರಾದ ನಮ್ಮ ಹಿರಿಯರಿಗೆ ಅದು ಧಾರಾಳವಾಗಿದೆ.

ಚರ್ಚಿನ ಪೆಟ್ಟಿಗೆಯಲ್ಲಿ ರಿಜಿಸ್ಟರಿನ ಜೊತೆಗೆ ಇರುತ್ತಿದ್ದ ಬಡವರ ಕಾಗದಗಳು ಇನ್ನೂ ಹೆಚ್ಚು ಮಾತನಾಡುತ್ತವೆ. 1601ರ ಕಾಯಿದೆಯ ಪ್ರಕಾರ ಪ್ರತಿ ಪ್ಯಾರಿಷ್ ತನ್ನ ಬಡವರನ್ನು ತಾನೇ ಸಾಕಬೇಕಿತ್ತು. ಅದಕ್ಕಾಗಿ ನೇಮಕವಾದ ಮೇಲ್ವಿಚಾರಕರು ಊರಿನ ಆಸ್ತಿವಂತರಿಂದ ತೆರಿಗೆ ಎತ್ತಿ, ಯಾರಿಗೆ ಬೂಟು ಕೊಡಿಸಿದರು, ಯಾರ ಹೆರಿಗೆಗೆ ಸೂಲಗಿತ್ತಿಯನ್ನು ಕರೆಸಿದರು, ಯಾರ ಶವಪೆಟ್ಟಿಗೆಗೆ ಎಷ್ಟು ಕೊಟ್ಟರು ಎಂದು ಲೆಕ್ಕ ಬರೆದರು. 1662ರ ನೆಲೆಸುವಿಕೆಯ ಕಾಯಿದೆ ಬಂದ ಮೇಲೆ, ಹೊರಗಿನಿಂದ ಬಂದ ಬಡವನು ಊರಿಗೆ ಹೊರೆಯಾಗುವನೆಂದು ತೋರಿದರೆ ನ್ಯಾಯಾಧೀಶರ ಮುಂದೆ ನಿಲ್ಲಿಸಿ, ಅವನು ಹುಟ್ಟಿದ್ದೆಲ್ಲಿ, ಯಾರ ಬಳಿ ಎಷ್ಟು ದಿನ ಕೂಲಿಗಿದ್ದ, ಎಲ್ಲಿ ಬಾಡಿಗೆ ಕೊಟ್ಟ ಎಂದೆಲ್ಲ ವಿಚಾರಿಸಿ ಬರೆದುಕೊಂಡು, ಅವನ ಊರೆಂದು ಗೊತ್ತಾದ ಕಡೆಗೆ ಸಾಗಹಾಕುತ್ತಿದ್ದರು. ಅಕ್ಷರವೇ ಬಾರದ ಕೂಲಿಯವನೊಬ್ಬನ ಜೀವನವೃತ್ತಾಂತ ಈ ವಿಚಾರಣೆಯ ಕಾಗದದಲ್ಲಿ ಮಾತ್ರ ಸಿಗುತ್ತದೆ. ಊರಿನ ಹಣ ಉಳಿಸಲೆಂದು ಬರೆಸಿದ ಆ ಕಾಗದ ಆ ಮನುಷ್ಯನನ್ನು ನಮಗಾಗಿ ಉಳಿಸಿಕೊಟ್ಟಿದೆ. ಊರು ಬಿಟ್ಟು ಬಂದು ಮುಂಬಯಿಯ ಫೋರ್ಟಿನ ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿದ ತಲೆಮಾರಿನ ಮಕ್ಕಳಾದ ನಾವು ಈ ಕಾಗದಗಳ ಮುಂದೆ ಸ್ವಲ್ಪ ಹೆಚ್ಚು ಹೊತ್ತು ಕೂರಬೇಕೆಂದು ನಾನು ಬಯಸುತ್ತೇನೆ. 1834ರಲ್ಲಿ ಹೊಸ ಕಾಯಿದೆ ಬಂದು, ಹಲವು ಪ್ಯಾರಿಷ್‌ಗಳು ಕೂಡಿ, ಬಡವರನ್ನು ಇರಿಸಿಕೊಂಡು ದುಡಿಸುವ ವರ್ಕ್‌ಹೌಸ್ ನಡೆಸುವ ವ್ಯವಸ್ಥೆಯಾದ ಮೇಲೆ ಊರಮಟ್ಟದ ಈ ಲೆಕ್ಕಗಳು ತೆಳುವಾಗುತ್ತವೆ.

ಆ ಹೊತ್ತಿಗೆ ಜನಗಣತಿ ನೆರವಿಗೆ ಬರುತ್ತದೆ. ಗಣತಿ 1801ರಲ್ಲಿಯೇ ಆರಂಭವಾದರೂ ಮನೆಮನೆಯ ಹೆಸರುಗಳು ದೇಶದುದ್ದಕ್ಕೂ ಸಿಗುವುದು 1841ರಿಂದ. ಆ ವರ್ಷ ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆದಿರುವುದರಿಂದ ನಲವತ್ತು ಎಂದಿದ್ದವನಿಗೆ ನಲವತ್ತನಾಲ್ಕು ಆಗಿರಬಹುದು. 1851ರಿಂದ ಹುಟ್ಟಿದ ಊರು, ಯಜಮಾನನೊಂದಿಗಿನ ಸಂಬಂಧ, ಸರಿಯಾದ ವಯಸ್ಸು ಸೇರಿದವು. ಹೆಸರುಗಳನ್ನು ನೂರು ವರ್ಷ ಗುಟ್ಟಾಗಿಡುವ ನಿಯಮವಿರುವುದರಿಂದ 1921ರದು 2022ರಲ್ಲಿ ತೆರೆಯಿತು. ಅದರ ಮುಂದೆ ದೊಡ್ಡ ಕಂದಕವಿದೆ: 1931ರ ಗಣತಿಯ ಹಾಳೆಗಳು 1942ರಲ್ಲಿ ಬೆಂಕಿಗೆ ಆಹುತಿಯಾದವು, 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ. 1939ರಲ್ಲಿ ತಯಾರಿಸಿದ ರಾಷ್ಟ್ರೀಯ ನೋಂದಣಿ ಪಟ್ಟಿಯೊಂದೇ ಆ ಕಂದಕಕ್ಕೆ ಹಾಕಿದ ಸೇತುವೆ.

ಹೊಲಗಳ ಚರಿತ್ರೆ

ನಮ್ಮವರಿಗೆ ಜಮೀನಿನ ಕಾಗದ ಹೊಸತಲ್ಲ. ಊರಿನ ಪಹಣಿಯನ್ನೂ, ಮಹಾರಾಷ್ಟ್ರದ ಸಾತ್‌ಬಾರಾ ಉತಾರವನ್ನೂ ಓದಬಲ್ಲವರು ಇಂಗ್ಲೆಂಡಿನ ದಶಮಾಂಶ ನಕ್ಷೆಯನ್ನು ಅರ್ಧ ಗಂಟೆಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಬೆಳೆಯ ಹತ್ತನೆಯ ಒಂದು ಪಾಲನ್ನು ಚರ್ಚಿಗೆ ಕೊಡುವ ಹಳೆಯ ಪದ್ಧತಿಯನ್ನು ಹಣದ ರೂಪಕ್ಕೆ ತರಲು 1836ರಲ್ಲಿ ಕಾಯಿದೆಯಾಯಿತು. ಅದಕ್ಕಾಗಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಸುಮಾರು ಮುಕ್ಕಾಲು ಭಾಗವನ್ನು ಹೊಲ ಹೊಲವಾಗಿ ಅಳೆದು ನಕ್ಷೆ ಬರೆದರು. ಬಹುತೇಕ ನಕ್ಷೆಗಳು 1850ರ ದಶಕದ ಆರಂಭದೊಳಗೆ ಮುಗಿದವು. ನಕ್ಷೆಯ ಜೊತೆಗಿನ ಪಟ್ಟಿಯಲ್ಲಿ ಎಡದಿಂದ ಬಲಕ್ಕೆ ಒಡೆಯನ ಹೆಸರು, ಉಳುವವನ ಹೆಸರು, ನಕ್ಷೆಯಲ್ಲಿನ ಸಂಖ್ಯೆ, ಹೊಲದ ಹೆಸರು, ಅದು ಉಳುಮೆಯದೋ ಹುಲ್ಲಿನದೋ ಎಂಬ ವಿವರ, ವಿಸ್ತೀರ್ಣ, ಕೊಡಬೇಕಾದ ಹಣ ಎಂಬ ಕಲಮುಗಳಿರುತ್ತವೆ. ವಿಸ್ತೀರ್ಣವನ್ನು ಎಕರೆ, ರೂಡ್, ಪರ್ಚ್‌ಗಳಲ್ಲಿ ಬರೆದಿರುತ್ತಾರೆ. ಎಕರೆಗೆ 4 ರೂಡ್, ರೂಡಿಗೆ 40 ಪರ್ಚ್. ನಮ್ಮ ಎಕರೆಗೆ 40 ಗುಂಟೆಯಾದ್ದರಿಂದ ಒಂದು ಗುಂಟೆಯೆಂದರೆ ಸರಿಯಾಗಿ 4 ಪರ್ಚ್, ಒಂದು ರೂಡ್ ಎಂದರೆ 10 ಗುಂಟೆ. 2 ಎಕರೆ 3 ರೂಡ್ 20 ಪರ್ಚ್ ಎಂದಿದ್ದರೆ ಕನ್ನಡದಲ್ಲಿ 2 ಎಕರೆ 35 ಗುಂಟೆ ಎಂದು ಬರೆದುಬಿಡಬಹುದು. ಹಣವನ್ನು ಮಾತ್ರ ಪೌಂಡ್, ಶಿಲಿಂಗ್, ಪೆನ್ನಿಗಳಲ್ಲಿಯೇ ಇಡಿ. 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. ಆ ಕಾಲದ ಪೌಂಡನ್ನು ಇಂದಿನ ರೂಪಾಯಿಗೆ ತಿರುಗಿಸುವ ಆಸೆಗೆ ಬಲಿಯಾಗಬೇಡಿ. ಅದರ ಬದಲು ಅದೇ ಊರಿನ ಕೂಲಿಯವನ ವಾರದ ಸಂಬಳವೆಷ್ಟಿತ್ತೆಂದು ಹುಡುಕಿ ಪಕ್ಕದಲ್ಲಿ ಬರೆದರೆ ಓದುಗನಿಗೆ ನಿಜವಾದ ಅಳತೆ ಸಿಗುತ್ತದೆ.

ನಿಮ್ಮ ಊರಿಗೆ ದಶಮಾಂಶ ನಕ್ಷೆಯೇ ಇಲ್ಲವೆಂದಾದರೆ ನಿರಾಶರಾಗಬಾರದು. ಅದಕ್ಕೂ ಮೊದಲೇ ಅಲ್ಲಿ ಹೊಲಗಳಿಗೆ ಬೇಲಿ ಬಿದ್ದು, ಆಗಲೇ ದಶಮಾಂಶವೂ ಇತ್ಯರ್ಥವಾಗಿರುವ ಸಾಧ್ಯತೆ ಹೆಚ್ಚು. ಮಧ್ಯಯುಗದಲ್ಲಿ ಇಂಗ್ಲೆಂಡಿನ ನಡುನಾಡಿನ ಊರುಗಳಲ್ಲಿ ರೈತನೊಬ್ಬನ ಭೂಮಿ ಒಂದೇ ಕಡೆ ಇರುತ್ತಿರಲಿಲ್ಲ. ಬೇಲಿಯಿಲ್ಲದ ಎರಡು ಅಥವಾ ಮೂರು ವಿಶಾಲ ಹೊಲಗಳಲ್ಲಿ ಅವನ ಪಟ್ಟೆಗಳು ಚದುರಿರುತ್ತಿದ್ದವು; ಯಾವ ಹೊಲದಲ್ಲಿ ಏನು ಬಿತ್ತಬೇಕು, ಯಾವುದನ್ನು ಬೀಳು ಬಿಡಬೇಕು, ದನಗಳನ್ನು ಯಾವಾಗ ಬಿಡಬೇಕು ಎಂದು ಊರಿನವರು ಕೂಡಿ ತೀರ್ಮಾನಿಸುತ್ತಿದ್ದರು. ಈ ವ್ಯವಸ್ಥೆಯನ್ನು ಒಡೆದು ತುಂಡುಗಳನ್ನು ಒಟ್ಟುಗೂಡಿಸಿ ಬೇಲಿ ಹಾಕಲು 1604ರಿಂದ 1914ರ ವರೆಗೆ ಬ್ರಿಟಿಷ್ ಸಂಸತ್ತು 5,200ಕ್ಕೂ ಹೆಚ್ಚು ಮಸೂದೆಗಳನ್ನು ಅಂಗೀಕರಿಸಿತು. ಇಂಗ್ಲೆಂಡಿನ ಐದನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ನೆಲ, ಸುಮಾರು 68 ಲಕ್ಷ ಎಕರೆ, ಹೀಗೆ ಬೇಲಿಯೊಳಗೆ ಬಂತು. ಪ್ರತಿ ಊರಿನ ಹಂಚಿಕೆಯ ತೀರ್ಪು, ನಕ್ಷೆ ಸಮೇತವಾಗಿ, ಅನೇಕ ಕಡೆ ಕೌಂಟಿಯ ದಾಖಲೆ ಕಚೇರಿಯಲ್ಲಿ ಉಳಿದಿದೆ. ಅದರಲ್ಲಿ ಯಾರಿಗೆ ಎಷ್ಟು ಸಿಕ್ಕಿತೆಂಬುದು ಬರೆದಿರುತ್ತದೆ. ಸಾಮಾನ್ಯ ಹುಲ್ಲುಗಾವಲಿನಲ್ಲಿ ಒಂದು ಹಸು ಮೇಯಿಸಿಕೊಂಡು, ಸೌದೆ ಆಯ್ದುಕೊಂಡು ಬದುಕುತ್ತಿದ್ದ, ಕಾಗದದ ಮೇಲೆ ಹಕ್ಕು ತೋರಿಸಲಾರದ ಬಡವನ ಹೆಸರು ಅದರಲ್ಲಿ ಇರುವುದಿಲ್ಲ. ಅವನನ್ನು ಹುಡುಕಲು ಮತ್ತೆ ಬಡವರ ಲೆಕ್ಕಕ್ಕೇ ಮರಳಬೇಕು; ಬೇಲಿ ಬಿದ್ದ ನಂತರದ ಹತ್ತು ವರ್ಷಗಳಲ್ಲಿ ಆ ಊರಿನ ಬಡವರ ತೆರಿಗೆ ಏರಿತೇ ಎಂದು ನೋಡುವುದು ನ್ಯಾಯವಾದ ಪ್ರಶ್ನೆ.

ಹಳೆಯ ವ್ಯವಸ್ಥೆಯನ್ನು ಕಣ್ಣಾರೆ ಕಾಣಬೇಕೆಂದರೆ ಮಕ್ಕಳೊಂದಿಗೆ ಒಂದು ದಿನ ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಹಳ್ಳಿಗೆ ಹೋಗಿಬರಬಹುದು. ಬೇಲಿಯಿಲ್ಲದ ಮೂರು ಹೊಲಗಳ ಸಾಗುವಳಿ ಅಲ್ಲಿ ಇಂದಿಗೂ ನಡೆಯುತ್ತಿದೆ. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಬರೆದ ಆ ಊರಿನ ನಕ್ಷೆ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಪ್ರತಿಯೊಂದು ಪಟ್ಟೆಯನ್ನೂ ಗುರುತಿಸಿರುವ ಆ ನಕ್ಷೆಯಲ್ಲಿ ಉಳುವವರ, ಕೊಯ್ಯುವವರ ಪುಟ್ಟ ಚಿತ್ರಗಳೂ ಇವೆ. ನವೆಂಬರ್ ಕೊನೆಯಲ್ಲಿ ಊರಿನ ಪಂಚರು ಬಿತ್ತನೆಯಾದ ಹೊಲಕ್ಕೆ ಹೋಗಿ, ಯಾರಾದರೂ ದಾರಿಯನ್ನೋ ಹುಲ್ಲಿನ ಅಂಚನ್ನೋ ಒತ್ತಿ ಉತ್ತಿದ್ದಾರೆಯೇ ಎಂದು ಪರೀಕ್ಷಿಸುತ್ತಾರೆ; ಆಮೇಲೆ ಊರ ನ್ಯಾಯಸಭೆ ಸೇರಿ ತಪ್ಪಿದವರಿಗೆ ದಂಡ ಹಾಕುತ್ತದೆ. ಬದುವನ್ನು ಒಂದು ಗೇಣು ಒತ್ತಿದ್ದಕ್ಕೆ ತಲೆಮಾರುಗಳ ಕಾಲ ಜಗಳವಾಡಿದ ಊರುಗಳಿಂದ ಬಂದ ನಮಗೆ ಈ ಸಭೆಯ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರಿನಲ್ಲಿ ನಡೆದು ನೋಡುವಾಗ

ಕಾಗದದಲ್ಲಿ ಕಂಡದ್ದನ್ನು ನೆಲದ ಮೇಲೆ ಹುಡುಕಲು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಒಳ್ಳೆಯದು. ಉಳುಮೆ ನಿಂತು ಹುಲ್ಲುಗಾವಲಾದ ಹೊಲಗಳಲ್ಲಿ ಮಧ್ಯಯುಗದ ಉಳುಮೆಯ ದಿಣ್ಣೆ ಮತ್ತು ಸಾಲುಗಳು ಆ ಬೆಳಕಿನಲ್ಲಿ ಅಲೆಗಳಾಗಿ ಎದ್ದು ಕಾಣುತ್ತವೆ. ಆ ಸಾಲುಗಳು ನೇರವಾಗಿರದೆ ತುದಿಗಳಲ್ಲಿ ಸ್ವಲ್ಪ ಬಾಗಿದ್ದರೆ, ಎಂಟು ಎತ್ತುಗಳ ಉದ್ದನೆಯ ಜೋಡಿಯನ್ನು ಹೊಲದಂಚಿನಲ್ಲಿ ತಿರುಗಿಸಿದ ಗುರುತು ಅದು. ಇಂಥ ಸಾಲುಗಳನ್ನು ಈಗಿನ ಬೇಲಿ ಅಡ್ಡಲಾಗಿ ಕತ್ತರಿಸಿಕೊಂಡು ಹೋಗಿದ್ದರೆ ಉಳುಮೆ ಹಳೆಯದು, ಬೇಲಿ ಹೊಸದು ಎಂದು ಯಾವ ಪುಸ್ತಕದ ಸಹಾಯವಿಲ್ಲದೆಯೇ ಹೇಳಬಹುದು.

ಚರ್ಚಿನ ಕಟ್ಟಡವನ್ನು ಹೊರಗಿನಿಂದ ಒಂದು ಸುತ್ತು ಹಾಕಿ ನಂತರ ಒಳಗೆ ಹೋಗಿ. ದುಂಡು ಕಮಾನು, ಅದರ ಮೇಲೆ ಗರಗಸದ ಹಲ್ಲಿನಂಥ ಕೆತ್ತನೆ ಇದ್ದರೆ ಅದು ಸಾಮಾನ್ಯವಾಗಿ ಹನ್ನೆರಡನೆಯ ಶತಮಾನದ ನಾರ್ಮನ್ ಕೆಲಸ. ಕಿರಿದಾದ, ತುದಿ ಚೂಪಾದ ಕಿಟಕಿಗಳು ಹದಿಮೂರನೆಯ ಶತಮಾನದವು. ಅಗಲವಾದ ಕಿಟಕಿಯಲ್ಲಿ ನೆಟ್ಟನೆಯ ಕಲ್ಲಿನ ಕಂಬಿಗಳು ಮೇಲಿನವರೆಗೆ ಹೋಗಿದ್ದರೆ ಹದಿನಾಲ್ಕನೆಯ ಶತಮಾನದ ನಡುವಿನಿಂದ ಹದಿನಾರರ ಆರಂಭದ ವರೆಗಿನ ಶೈಲಿ. ಆದರೆ ವಿಕ್ಟೋರಿಯಾ ಕಾಲದಲ್ಲಿ ಅಸಂಖ್ಯ ಚರ್ಚುಗಳನ್ನು ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಶೈಲಿಯಲ್ಲಿಯೇ ಮತ್ತೆ ಕಟ್ಟಿದ್ದರಿಂದ, ಕೆತ್ತನೆ ತೀರ ಚೂಪಾಗಿ, ನಯವಾಗಿ ಕಂಡರೆ ಅನುಮಾನಿಸಬೇಕು. ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಸಂರಕ್ಷಿತ ಕಟ್ಟಡಗಳ ಪಟ್ಟಿಯನ್ನು ಜಾಲತಾಣದಲ್ಲಿ ತೆರೆದು, ಚರ್ಚಿನದಷ್ಟೇ ಅಲ್ಲ, ಊರಿನ ಹಳೆಯ ಮನೆಗಳ, ದನದ ಕೊಟ್ಟಿಗೆಗಳ, ಕೆಂಪು ಟೆಲಿಫೋನ್ ಗೂಡಿನ ವಿವರಗಳನ್ನೂ ಓದಬಹುದು.

ಊರಿನವರು ಹೇಳುವ ಕಥೆಗಳನ್ನು ಪ್ರೀತಿಯಿಂದ ಕೇಳಿ, ಹೇಳಿದಂತೆಯೇ ಬರೆದುಕೊಳ್ಳಿ, ಆದರೆ ದಾಖಲೆಯ ಪಕ್ಕದಲ್ಲಿಡದೆ ಒಪ್ಪಿಕೊಳ್ಳಬೇಡಿ. ಪಾಳುಬಿದ್ದ ಊರುಗಳೆಲ್ಲ 1348-49ರ ಮಹಾಮಾರಿಯಲ್ಲಿ ಅಳಿದುವೆಂದು ಅಲ್ಲಿ ಬಹಳ ಜನ ನಂಬುತ್ತಾರೆ. ಯಾರ್ಕ್‌ಶೈರ್‌ನ ವಾರಮ್ ಪರ್ಸಿ ಎಂಬ ಪಾಳು ಹಳ್ಳಿಯನ್ನು ಮಾರಿಸ್ ಬೆರೆಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್ ಅವರ ತಂಡ 1950ರಿಂದ 1990ರ ವರೆಗೆ ಪ್ರತಿ ಬೇಸಗೆಯಲ್ಲಿ ಅಗೆದು ನೋಡಿದಾಗ ತಿಳಿದುಬಂದದ್ದು ಬೇರೆ: ಮಹಾಮಾರಿಯ ನಂತರವೂ ಆ ಊರು ಒಂದು ಶತಮಾನಕ್ಕೂ ಹೆಚ್ಚು ಕಾಲ ಉಳಿದಿತ್ತು; ಕುರಿಯ ಉಣ್ಣೆಯಿಂದ ಬರುವ ಲಾಭಕ್ಕಾಗಿ ಒಡೆಯರು ಹೊಲಗಳನ್ನು ಹುಲ್ಲುಗಾವಲು ಮಾಡಿದಾಗ, 1500ರ ಸುಮಾರಿಗೆ, ಅದು ಬರಿದಾಯಿತು.

ಇದಕ್ಕೆ ಎದುರಾಗಿ ಡರ್ಬಿಶೈರ್‌ನ ಈಮ್ ಹಳ್ಳಿಯಲ್ಲಿ ಪ್ಲೇಗಿನ ಕಥೆ ನಿಜ. 1665ರ ಸೆಪ್ಟೆಂಬರಿನಲ್ಲಿ ಲಂಡನ್ನಿನಿಂದ ಬಂದ ಬಟ್ಟೆಯ ಗಂಟಿನೊಂದಿಗೆ ಪ್ಲೇಗು ಬಂತೆಂದು ಹೇಳುತ್ತಾರೆ. ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಅವನಿಗಿಂತ ಮೊದಲು ಪಾದ್ರಿಯಾಗಿದ್ದ ಥಾಮಸ್ ಸ್ಟಾನ್ಲಿ ಕೂಡಿ ಊರಿನವರು ಹೊರಗೆ ಹೋಗದಂತೆ ಒಪ್ಪಿಸಿದರು. ಗಡಿಯ ಕಲ್ಲಿನ ಗುಳಿಗಳಲ್ಲಿ ವಿನಿಗರ್ ತುಂಬಿ ಅದರಲ್ಲಿ ನಾಣ್ಯಗಳನ್ನಿಟ್ಟು, ಹೊರಗಿನವರು ತಂದಿಟ್ಟ ಆಹಾರವನ್ನು ಒಯ್ಯುತ್ತಿದ್ದರು. 1666ರ ನವೆಂಬರಿನಲ್ಲಿ ಅದು ನಿಲ್ಲುವಷ್ಟರಲ್ಲಿ ಸುಮಾರು 260 ಜನ ಸತ್ತಿದ್ದರೆಂದು ಪರಂಪರೆ ಹೇಳುತ್ತದೆ. ಊರ ಹೊರಗಿನ ಬಯಲಿನಲ್ಲಿರುವ ರೈಲಿ ಸಮಾಧಿಗಳ ಬಳಿ ನಿಂತರೆ, ಎಲಿಜಬೆತ್ ಹ್ಯಾನ್‌ಕಾಕ್ ಎಂಬ ಒಬ್ಬಳೇ ಹೆಂಗಸು 1666ರ ಆಗಸ್ಟಿನ ಎಂಟು ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತನ್ನ ಕೈಯಾರೆ ಹೂಳಿದ ಜಾಗ ಅದೆಂದು ತಿಳಿಯುತ್ತದೆ. 1896ರ ಮುಂಬಯಿ ಪ್ಲೇಗನ್ನೂ ಮರುವರ್ಷದ ಪುಣೆಯ ಪ್ಲೇಗನ್ನೂ ಅಜ್ಜಿಯರ ಬಾಯಿಂದ ಕೇಳಿದ ಮನೆಯವರು ಇದನ್ನು ದೂರದ ಕಥೆಯೆಂದು ಓದಲಾರರು. ಆದರೂ, ಈಮ್‌ನ ಘಟನೆಗೆ ಹತ್ತೊಂಬತ್ತನೆಯ ಶತಮಾನದ ಬರಹಗಾರರು ಪ್ರೇಮಕಥೆಗಳನ್ನೂ ಅಲಂಕಾರಗಳನ್ನೂ ಸೇರಿಸಿದ್ದಾರೆ. ದಾಖಲೆಯಲ್ಲಿರುವ ಸಾವುಗಳನ್ನು ಮೊದಲು ಬರೆದು, ಪರಂಪರೆಯನ್ನು ಪರಂಪರೆಯೆಂದೇ ಹೆಸರಿಸಿ ನಂತರ ಬರೆಯುವುದು ಸತ್ತವರಿಗೆ ಸಲ್ಲಿಸಬೇಕಾದ ಗೌರವ.

ಖಡಕಿ ಮತ್ತು ಫೋರ್ಟ್

ಮುಂಬಯಿ ಪುಣೆಗಳ ನಮಗೆ ಆ ಹಳ್ಳಿಯ ನಿವಾಸಿಗಳಿಗೂ ಇಲ್ಲದ ಒಂದು ಅನುಕೂಲವಿದೆ, ಅದನ್ನು ಬಿಡಬಾರದು. ಊರಿನ ಯುದ್ಧಸ್ಮಾರಕದಲ್ಲಿರುವ ಪ್ರತಿ ಹೆಸರನ್ನೂ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ಹುಡುಕಿ. 1917ರಲ್ಲಿ ಸ್ಥಾಪನೆಯಾದ ಈ ಆಯೋಗದ ಪಟ್ಟಿಯಲ್ಲಿ ಸೈನಿಕನ ದಳ, ಸತ್ತ ದಿನ, ಸಮಾಧಿಯ ಸ್ಥಳ, ಅನೇಕ ಸಲ ತಂದೆತಾಯಿಗಳ ಹೆಸರು ಮತ್ತು ಊರು ಇರುತ್ತವೆ. ಹೆಚ್ಚಿನವರು ಫ್ರಾನ್ಸ್, ಬೆಲ್ಜಿಯಂಗಳಲ್ಲಿ ಬಿದ್ದವರು. ಆದರೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ಸತ್ತು, ಇಲ್ಲಿನ ಕಂಟೋನ್ಮೆಂಟ್ ಸ್ಮಶಾನಗಳಲ್ಲಿ ಹೂಳಲ್ಪಟ್ಟು, ಆ ಸಮಾಧಿಗಳನ್ನು ಕಾಪಾಡುವುದು ಸಾಧ್ಯವಾಗದೆ ಹೋದ 1,800ಕ್ಕೂ ಹೆಚ್ಚು ಸೈನಿಕರ ಹೆಸರುಗಳು ಪುಣೆಯ ಖಡಕಿ ಯುದ್ಧಸ್ಮಶಾನದೊಳಗಿನ ಸ್ಮಾರಕದಲ್ಲಿ ಕೆತ್ತಲ್ಪಟ್ಟಿವೆ. ನಿಮ್ಮ ಮಗಳ ಊರಿನ ಕಲ್ಲಿನಲ್ಲಿರುವ ಒಂದು ಹೆಸರು ಖಡಕಿಯ ಕಲ್ಲಿನಲ್ಲಿಯೂ ಇದ್ದರೆ, ಆ ಹೆಸರಿನ ಚಿತ್ರವನ್ನು ತೆಗೆದು ಅಲ್ಲಿಗೆ ಒಯ್ಯಬಲ್ಲವರು ನೀವು. ಆ ಸೈನಿಕನ ಮನೆತನದವರು ಇನ್ನೂ ಆ ಊರಿನಲ್ಲಿಯೇ ಇದ್ದು, ಪುಣೆಯವರೆಗೆ ಬಂದು ನೋಡಲು ಎಂದೂ ಆಗಿರದಿದ್ದರೆ, ಚರಿತ್ರೆ ಬರೆಯುವವನು ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಹೆಚ್ಚಿನದು ನನಗೆ ತಿಳಿಯದು.

ಚರ್ಚಿನ ಗೋಡೆಯ ಅಮೃತಶಿಲೆಯ ಫಲಕಗಳಲ್ಲಿ ಬಾಂಬೆ, ಪೂನಾ, ಸೂರತ್, ಧಾರವಾಡ ಎಂಬ ಹೆಸರು ಕಂಡರೆ ಅದನ್ನೂ ಬರೆದುಕೊಳ್ಳಿ. ಈಸ್ಟ್ ಇಂಡಿಯಾ ಕಂಪನಿಯ ನೌಕರಿಗೆ ಹೋಗಿ ಸತ್ತ ಮಗನಿಗೆ ಹಳ್ಳಿಯ ಚರ್ಚಿನಲ್ಲಿ ಫಲಕ ಹಾಕಿಸುವುದು ಅನುಕೂಲಸ್ಥ ಮನೆತನಗಳ ರೂಢಿಯಾಗಿತ್ತು. ಅಂಥವರ ಇನ್ನೊಂದು ಗುರುತು ಮುಂಬಯಿಯ ಫೋರ್ಟಿನಲ್ಲಿರುವ ಸಂತ ಥಾಮಸರ ಕ್ಯಾಥೀಡ್ರಲ್‌ನ ಗೋಡೆಗಳ ಮೇಲೆ ಸಿಗಬಹುದು. 1718ರಲ್ಲಿ ತೆರೆದ ಆ ಚರ್ಚಿನ ಒಳಗೋಡೆಗಳು ಇಂಥ ಫಲಕಗಳಿಂದ ತುಂಬಿವೆ. ಕೊಲಾಬಾದ ಅಫ್ಘಾನ್ ಚರ್ಚಿನಲ್ಲಿ ಮೊದಲ ಅಫ್ಘನ್ ಯುದ್ಧದಲ್ಲಿ ಮಡಿದವರ ನೆನಪಿದೆ. ಮುಂಬಯಿ ಪ್ರಾಂತದಲ್ಲಿ ಆದ ಯುರೋಪಿಯನ್ನರ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ ದಾಖಲೆಗಳ ಎನ್/3 ಶ್ರೇಣಿಯಲ್ಲಿವೆ. ಫಲಕದ ಹೊಗಳಿಕೆಯನ್ನು ಅನುವಾದಿಸಿ ಮುಗಿಸದೆ, ಆ ಮನೆತನಕ್ಕೆ ಇಲ್ಲಿಂದ ಹಣ ಹೋಯಿತೇ, ಹೋದ ಹಣದಿಂದ ಆ ಊರಿನಲ್ಲಿ ಭೂಮಿ ಕೊಂಡರೇ, ಶಾಲೆ ಕಟ್ಟಿಸಿದರೇ ಎಂದು ದಶಮಾಂಶದ ಪಟ್ಟಿಯಲ್ಲಿ ಹುಡುಕಬೇಕು. ಈ ಪ್ರಶ್ನೆಯನ್ನು ಕೇಳುವ ಹಕ್ಕೂ ಹೊಣೆಯೂ ನಮಗಿದೆ.

ಬರೆಯುವಾಗ

ಕೌಂಟಿಯ ದಾಖಲೆ ಕಚೇರಿಗೆ ಹೋಗುವ ಮೊದಲು ಮಿಂಚಂಚೆ ಬರೆದು, ಬೇಕಾದ ಕಟ್ಟುಗಳ ಸಂಖ್ಯೆ ಕೊಟ್ಟು, ದಿನ ಗೊತ್ತುಮಾಡಿಕೊಳ್ಳಿ. ಸಂಖ್ಯೆಗಳನ್ನು ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಡಿಸ್ಕವರಿ ಎಂಬ ಸೂಚಿಯಲ್ಲಿ ಮನೆಯಲ್ಲಿಯೇ ಹುಡುಕಬಹುದು. ಹದಿನಾರು ಹದಿನೇಳನೆಯ ಶತಮಾನಗಳ ಕೈಬರಹ ಮೊದಲ ನೋಟಕ್ಕೆ ಕಾಡುತ್ತದೆ. ಅದನ್ನು ಓದಲು ಕಲಿಸುವ ಉಚಿತ ಪಾಠಗಳು ಅದೇ ಸಂಸ್ಥೆಯ ಜಾಲತಾಣದಲ್ಲಿವೆ. 1733ಕ್ಕೆ ಹಿಂದಿನ ಮೇನರ್ ನ್ಯಾಯಸಭೆಯ ಸುರುಳಿಗಳು ಬಹುಪಾಲು ಲ್ಯಾಟಿನ್ನಿನಲ್ಲಿರುವುದರಿಂದ ಮೊದಲ ವರ್ಷ ಅವುಗಳ ಗೊಡವೆಗೆ ಹೋಗದಿರುವುದು ಲೇಸು. ಒಳಗೆ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಬೇಕು. ಚಿತ್ರ ತೆಗೆಯಲು ಶುಲ್ಕವಿರಬಹುದು.

ಊರಿನ ಮಹಿಳೆಯರ ಸಂಘವಾದ ವಿಮೆನ್ಸ್ ಇನ್‌ಸ್ಟಿಟ್ಯೂಟ್ 1965ರಲ್ಲಿ ತನ್ನ ಸುವರ್ಣ ಮಹೋತ್ಸವವನ್ನು ಆಚರಿಸಿದಾಗ ಬಹಳಷ್ಟು ಹಳ್ಳಿಗಳಲ್ಲಿ ಆ ವರ್ಷದ ಬದುಕನ್ನು ಚಿತ್ರಗಳೊಂದಿಗೆ ದಾಖಲಿಸಿದ ದೊಡ್ಡ ಪುಸ್ತಕಗಳನ್ನು ತಯಾರಿಸಿದರು. ನಿಮ್ಮ ಊರಿನದು ಯಾರ ಮನೆಯ ಕಪಾಟಿನಲ್ಲಿದೆ ಎಂದು ಚಹಾಕ್ಕೆ ಕರೆದ ನೆರೆಯವರನ್ನು ವಿಚಾರಿಸಿ. ಬದುಕಿರುವವರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬರೆಯಬೇಡಿ.

ಬರಹವನ್ನು ರಾಜರ ಕಾಲಾನುಕ್ರಮದಲ್ಲಿ ಜೋಡಿಸುವುದಕ್ಕಿಂತ ನೆಲ, ನೀರು, ಹೊಲ, ಮನೆ, ಚರ್ಚು, ಬಡವರು, ಶಾಲೆ, ಯುದ್ಧ ಎಂದು ವಿಷಯವಾರು ಜೋಡಿಸಿದರೆ ಓದುಗನಿಗೆ ಊರು ಕಾಣುತ್ತದೆ. ಪ್ರತಿ ಸಂಗತಿಯ ಕೆಳಗೆ ದಾಖಲೆಯ ಸಂಖ್ಯೆ ಮತ್ತು ನೀವು ಅದನ್ನು ನೋಡಿದ ತಾರೀಖನ್ನು ಬರೆಯಿರಿ. ಇಂಗ್ಲಿಷ್ ಹೆಸರುಗಳನ್ನು ಊರಿನವರು ಉಚ್ಚರಿಸುವಂತೆ ಕೇಳಿ ಕನ್ನಡದಲ್ಲಿ ಬರೆದು, ಬರಹದುದ್ದಕ್ಕೂ ಅದೊಂದೇ ರೂಪವನ್ನು ಉಳಿಸಿಕೊಳ್ಳಿ. ಕನ್ನಡದ ಪ್ರತಿ ನಮ್ಮವರಿಗೆ. ಮೊಮ್ಮಕ್ಕಳ ಸಹಾಯದಿಂದ ನಾಲ್ಕು ಪುಟಗಳ ಇಂಗ್ಲಿಷ್ ಸಾರಾಂಶವನ್ನೂ ಸಿದ್ಧಪಡಿಸಿ, ಎಣಿಕೆಯ ಕೋಷ್ಟಕಗಳೊಂದಿಗೆ ಒಂದು ಪ್ರತಿಯನ್ನು ಕೌಂಟಿಯ ದಾಖಲೆ ಕಚೇರಿಗೂ ಒಂದನ್ನು ಊರಿನ ಚರ್ಚಿಗೂ ಕೊಟ್ಟು, ಕೊಟ್ಟದ್ದಕ್ಕೆ ರಸೀದಿ ಪಡೆದುಕೊಳ್ಳಿ.